ಅಜ್ಜಿ, ಎರಡು ಎತ್ತು, 110 ಕಿಲೋಮೀಟರ್: ಎಷ್ಟು ದಿನ ಬೇಕು?

ಪ್ರಶ್ನೆ: ನಮ್ಮ ಕರಾವಳಿಯನ್ನೇ ಹೋಲುವ ಕಲ್ಪಿತ ರಾಜ್ಯವೊಂದರ ಕಾದಂಬರಿ ಬರೆಯುತ್ತಿದ್ದೇನೆ. ಬಸ್ಸು, ರೈಲು ಇಲ್ಲದ ಕಾಲ. ಒಬ್ಬ ಯುವಕ, ಅವನ ಅಜ್ಜಿ ಮತ್ತು ಹೇರು ಹೊತ್ತ ಎರಡು ಎತ್ತುಗಳು ಮಳೆಗಾಲದಲ್ಲಿ ಬಂದರಿನಿಂದ ಘಟ್ಟದ ಮೇಲಿನ ಊರಿಗೆ ಹೊರಡುತ್ತಾರೆ. ದಾರಿ 110 ಕಿ.ಮೀ. ಮೂರು ದಿನದಲ್ಲಿ ತಲುಪಿಸಿದ್ದೇನೆ. ಸರಿಯೇ?
– ಓದುಗರು, ಉಡುಪಿ

ಉತ್ತರ: ಮೂರು ದಿನ ಸಾಲದು. ಹತ್ತು ದಿನ ಕೊಡಿ, ಅದೂ ಮಳೆ ಇಲ್ಲದಿದ್ದರೆ.

ಯುವಕ ಒಬ್ಬನೇ ಆಗಿದ್ದರೆ ಬಯಲು ದಾರಿಯಲ್ಲಿ ಗಂಟೆಗೆ 4-5 ಕಿ.ಮೀ. ನಡೆಯುತ್ತಾನೆ. ದಿನಕ್ಕೆ 25-30 ಕಿ.ಮೀ. ಆಗುತ್ತದೆ. ಹಠ ಹಿಡಿದು ಒಂದು ದಿನ 50 ನಡೆದರೆ ಮಾರನೇ ದಿನ ಕಾಲು ಏಳುವುದಿಲ್ಲ. ರೋಮನ್ ಸೈನಿಕರಿಗೇ ತರಬೇತಿಯಲ್ಲಿ ಬೇಸಿಗೆಯ ಐದು ಗಂಟೆಗೆ 20 ರೋಮನ್ ಮೈಲಿ, ಅಂದರೆ ಸುಮಾರು 30 ಕಿ.ಮೀ. ಎಂದು ಗೊತ್ತುಮಾಡಿದ್ದರು. ಹಗಲನ್ನು ಹನ್ನೆರಡು ಪಾಲು ಮಾಡಿ ಎಣಿಸುತ್ತಿದ್ದರಿಂದ ಅವರ ಬೇಸಿಗೆಯ ಗಂಟೆ ನಮ್ಮದಕ್ಕಿಂತ ಉದ್ದ ಬೇರೆ.

ಆದರೆ ನಿಮ್ಮ ತಂಡ ನಡೆಯುವುದು ಎತ್ತಿನ ಹೆಜ್ಜೆಯಲ್ಲಿ. ಎತ್ತು ಮೇಯಬೇಕು, ಮೆಲುಕು ಹಾಕಬೇಕು, ಮಧ್ಯಾಹ್ನ ನೆರಳಲ್ಲಿ ಮಲಗಬೇಕು. ಹೇರು ಹೊತ್ತು ದಿನಕ್ಕೆ 12-15 ಕಿ.ಮೀ. ಹೋದರೆ ಅದೇ ಜಾಸ್ತಿ. ಅಜ್ಜಿಗೂ ಆ ವೇಗವೇ ಹಿತ.

ಇನ್ನು ಹೊಳೆಗಳು. ನಮ್ಮ ಕಡೆ ನಡೆಯುವವರನ್ನು ನಿಜವಾಗಿ ತಡೆಯುತ್ತಿದ್ದುದು ದೂರ ಅಲ್ಲ, ನೀರು. ಮಂಗಳೂರಿನಿಂದ ಉಡುಪಿಗೆ ಸುಮಾರು 55 ಕಿ.ಮೀ., ಅಲ್ವಾ? ಅಷ್ಟರಲ್ಲೇ ಕೂಳೂರಿನಲ್ಲಿ ಫಲ್ಗುಣಿ, ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಉದ್ಯಾವರದಲ್ಲಿ ಪಾಪನಾಶಿನಿ ಅಡ್ಡ ಬರುತ್ತವೆ. ಈಗ ಸೇತುವೆ ಇದೆ, ನಮಗೆ ಗೊತ್ತೇ ಆಗುವುದಿಲ್ಲ. ಸೇತುವೆ ಇಲ್ಲದ ಕಾಲ ಊಹಿಸಿ. ಹೇರು ಇಳಿಸಬೇಕು, ದೋಣಿಗೆ ತುಂಬಬೇಕು, ಎತ್ತುಗಳನ್ನು ಈಜಿಸಬೇಕು, ಆಚೆ ದಡದಲ್ಲಿ ಮತ್ತೆ ಹೇರು ಕಟ್ಟಬೇಕು. ದೋಣಿಯವನು ಆಚೆ ದಡದಲ್ಲಿದ್ದರೆ ಕೂಗಿ ಕರೆದು ಕಾಯಬೇಕು. ಒಂದೊಂದು ಹೊಳೆಗೂ ಅರ್ಧ ದಿನ ಹೋದರೆ ಆಶ್ಚರ್ಯ ಇಲ್ಲ. ಆಷಾಢದ ನೆರೆಯಲ್ಲಂತೂ ದೋಣಿಯನ್ನೇ ಇಳಿಸುವುದಿಲ್ಲ.

ಘಟ್ಟಕ್ಕೆ ಬೇರೆ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದವರಿಗೆ. ಆಗುಂಬೆ ಇರುವುದು 650 ಮೀಟರಿನ ಆಸುಪಾಸಿನಲ್ಲಿ. ಅಂಥ ಘಾಟಿಯ ಬುಡದಲ್ಲಿ ಒಂದು ರಾತ್ರಿ ತಂಗಿ, ನಸುಕಿನಲ್ಲಿ ಹೊರಟರೆ ನಿಮ್ಮ ತಂಡ ಸಂಜೆಗೆ ಮೇಲೆ ಸೇರಬಹುದು. ಮಳೆಗಾಲದಲ್ಲಿ ಜಾರುವ ಕಲ್ಲು, ಉಂಬಳ, ಕುಸಿದ ಮಣ್ಣು. ಕಾಲು ಮುರಿದ ಎತ್ತನ್ನು ಅಲ್ಲೇ ಬಿಟ್ಟು ಹೋಗಬೇಕಾದೀತು.

ಸಾಧ್ಯವಾದರೆ ದೀಪಾವಳಿ ಕಳೆದ ಮೇಲೆ ಹೊರಡಿಸಿ. ಕಥೆಗೆ ಮಳೆಯೇ ಬೇಕು ಅಂದರೆ ಸುಮ್ನೆ ಓಡಿಸಬೇಡಿ. ಹೊಳೆಬದಿಯ ಯಾರದೋ ಮನೆಯ ಜಗಲಿಯಲ್ಲಿ ಒಂದು ವಾರ ಕೂರಿಸಿ. ಬುತ್ತಿ ಖಾಲಿಯಾಗಲಿ, ಹೇರಿನ ಉಪ್ಪು ನೀರಾಗಲಿ, ಆ ಮನೆಯವರ ಪರಿಚಯವಾಗಲಿ. ಘಾಟಿ ಹತ್ತುವಾಗ ಅಜ್ಜಿಗೊಂದು ಮೇನೆ ಗೊತ್ತುಮಾಡಿ. ಹೊರುವವರ ಕೂಲಿಗೆ ಯುವಕ ಏನು ಮಾರುತ್ತಾನೆ ಎಂಬುದನ್ನೂ ಈಗಲೇ ಯೋಚಿಸಿಡಿ.