ಥೆರಪಿ ನಿಲ್ಲಿಸಿ ಆಕಳು ಕಟ್ಟಲಾ?

ಪ್ರಶ್ನೆ: ಮನೆಯವರ ಬೆಂಗಳೂರಿನ ಕೆಲಸ ಹೋಗಿ, ಶಿರಸಿ ಹತ್ತಿರದ ಊರಿಗೇ ಬಂದಿದ್ದೇವೆ. ಎಂಟು ವರ್ಷದ ಮಗನಿಗೆ ಆಟಿಸಂ. ಅನ್ನ, ಹಪ್ಪಳ ಬಿಟ್ಟು ಏನೂ ತಿನ್ನುವುದಿಲ್ಲ. ಉಳಿತಾಯ ಕರಗುತ್ತಿದೆ. ಥೆರಪಿ ನಿಲ್ಲಿಸಿ ಎರಡು ಆಕಳು ಕಟ್ಟೋಣ ಅಂತಾರೆ ಅತ್ತೆ. ಸರಿಯಾ?

ಉತ್ತರ: ಥೆರಪಿ ನಿಲ್ಲಿಸಬೇಡಿ ತಂಗೀ. ವಾರಕ್ಕೆ ಎರಡು ಸಲ ಇದ್ದದ್ದು ಒಂದಾಗಲಿ, ಉಳಿದದ್ದನ್ನು ಮನೆಯಲ್ಲೇ ಮಾಡಿಸುವುದು ಹೇಗೆ ಅಂತ ಥೆರಪಿಸ್ಟ್ ಹತ್ತಿರವೇ ಕೇಳಿ ಕಲಿಯಿರಿ. ಸಾಲ ಮಾಡಿ ಆಕಳು ತಂದರೆ ಹಾಲಿನ ದುಡ್ಡು ಹಿಂಡಿಗೇ ಸರಿಹೋಗುತ್ತದೆ, ಮಗನನ್ನು ನೋಡುವ ನೀವೇ ಕೊಟ್ಟಿಗೆಗೂ ಓಡಬೇಕು.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? ಇಲ್ಲದಿದ್ದರೆ ಮೊದಲು ಅದು. ಆಮೇಲೆ ಕೇಂದ್ರದ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ಆಟಿಸಂ ಇರುವ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಗೂ ಅದರಲ್ಲಿ ಪಾಲುಂಟು. ಬಿಲ್‌ಗಳನ್ನು ಜೋಪಾನ ಮಾಡಿ. ಅಂಗವೈಕಲ್ಯ 40%ಕ್ಕೆ ಕಡಿಮೆ ಇಲ್ಲದಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು.

ಅಡುಗೆಮನೆ ಖರ್ಚಿಗೆ ಹಿತ್ತಲಿದೆ ಅಲ್ವಾ? ಬಚ್ಚಲ ನೀರು ಹೋಗುವಲ್ಲಿ ಬಸಳೆ, ಕೆಸು ಹಾಕಿ. ಒಂದೆಲಗದ ತಂಬುಳಿ ಮಗನ ಬಾಳೆಲೆಯ ತುದಿಗೆ ಒಂದು ಚಮಚ ಬಡಿಸಿ ಸುಮ್ನೆ ಬಿಡಿ, ತಿನ್ನು ಅಂತ ಒತ್ತಾಯ ಬೇಡ. ಹಲಸಿನ ಹಪ್ಪಳ ಮಾಡುವಾಗ ಅವನನ್ನೂ ಕೂರಿಸಿಕೊಳ್ಳಿ. ಹಿಟ್ಟು ಕೈಗೆ ಅಂಟುವುದು ಆಗದಿದ್ದರೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ಮೇಲಿಂದ ಉಂಡೆ ಒತ್ತಲಿ.

ಅತ್ತೆಗೆ ಹೇಳಿ, ಯಜಮಾನರಿಗೆ ಕೆಲಸ ಸಿಗಲಿ, ಆಮೇಲೆ ಒಂದೇ ಆಕಳು, ಅದೂ ಕೈದುಡ್ಡಲ್ಲಿ.