ವಿಷ ತಯಾರಿಸುವ ಸೂಕ್ಷ್ಮಜೀವಿ ತನ್ನ ವಿಷಕ್ಕೆ ತಾನೇ ಯಾಕೆ ಸಾಯುವುದಿಲ್ಲ?

ಎಷ್ಟೋ ಸಲ ಆ ವಿಷಕ್ಕೆ ಬೇಕಾದ ಗುರಿಯೇ ಅದರ ಮೈಯಲ್ಲಿ ಇರುವುದಿಲ್ಲ. ಬಾಟುಲಿನಮ್ ವಿಷ ಕತ್ತರಿಸುವುದು ನರಕೋಶದ ಪ್ರೋಟೀನನ್ನು. ಅದನ್ನು ಮಾಡುವ ಬ್ಯಾಕ್ಟೀರಿಯಾಕ್ಕೆ ನರವೇ ಇಲ್ವಲ್ಲ!

ನಿಜವಾದ ಪೇಚು ಇರುವುದು ತನ್ನಂಥದ್ದನ್ನೇ ಕೊಲ್ಲುವಾಗ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಕೊಲಿಸಿನ್ ಇ9 ಎಂಬ ವಿಷ ಮಾಡುತ್ತವೆ. ಅದು ಡಿಎನ್‌ಎಯನ್ನೇ ತುಂಡರಿಸುತ್ತದೆ. ಹಾಗಾಗಿ ವಿಷದ ಜೊತೆಗೇ ಇನ್ನೊಂದು ಪುಟ್ಟ ಪ್ರೋಟೀನೂ ತಯಾರಾಗಿ, ಅದಕ್ಕೆ ಬಿಗಿಯಾಗಿ ಅಂಟಿಕೊಂಡು ಬಾಯಿ ಕಟ್ಟುತ್ತದೆ. ವಿಷವು ಶತ್ರುವಿನ ಕೋಶದೊಳಗೆ ನುಗ್ಗುವಾಗ ಈ ಪ್ರೋಟೀನು ಕಳಚಿಕೊಳ್ಳುತ್ತದೆ. ತಮಾಷೆ ಏನಂದ್ರೆ, ವಿಷವನ್ನು ಹೊರಗೆ ಬಿಡುವಾಗ ತಯಾರಿಸಿದ ಕೋಶ ಸಾಮಾನ್ಯವಾಗಿ ಒಡೆದು ಸಾಯುತ್ತದೆ. ಬದುಕುವುದು ಅದೇ ಕಾವಲು ಪ್ರೋಟೀನು ಇರುವ ಅದರ ನೆಂಟರು!

ಎರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಮಾಡುವ ಬ್ಯಾಕ್ಟೀರಿಯಾದ ದಾರಿಯೇ ಬೇರೆ. ಈ ಔಷಧ ಹೋಗಿ ಕೂರುವುದು ಕೋಶದಲ್ಲಿ ಪ್ರೋಟೀನು ತಯಾರಿಸುವ ಯಂತ್ರವಾದ ರೈಬೋಸೋಮಿನ ಮೇಲೆ. ಅದು ತನ್ನ ರೈಬೋಸೋಮಿಗೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸಿ, ಔಷಧ ಸರಿಯಾಗಿ ಕೂರದಂತೆ ಮಾಡಿಕೊಳ್ಳುತ್ತದೆ.