ಕಣ್ಣು ಕಾಣದವರ ಸೊಂಟದಲ್ಲಿ ಪಿಸ್ತೂಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದಲ್ಲಿ ಅಂಧರಿಗೂ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಪರ್ಮಿಟ್ ಕೊಡುತ್ತಾರಂತೆ. ನಿಜವೋ, ವಾಟ್ಸಾಪ್ ಪುರಾಣವೋ? (ದಾವಣಗೆರೆ)

ಉತ್ತರ: ನಿಜ. 2013ರ ಸೆಪ್ಟೆಂಬರ್‌ನಲ್ಲಿ ಅಯೋವಾ ರಾಜ್ಯದಿಂದ ಈ ಸುದ್ದಿ ಹೊರಬಿತ್ತು. ಅಲ್ಲಿ ಮೊದಲು ಪರ್ಮಿಟ್ ಕೊಡುವುದು ಬಿಡುವುದು ಕೌಂಟಿಯ (ನಮ್ಮ ಜಿಲ್ಲೆಯಂಥದು) ಪೊಲೀಸ್ ಮುಖ್ಯಸ್ಥರಾದ ಶೆರಿಫರ ಮರ್ಜಿಗೆ ಬಿಟ್ಟದ್ದಾಗಿತ್ತು. 2011ರ ಜನವರಿ 1ರಿಂದ ಕಾನೂನು ಬದಲಾಯಿತು. ಪಟ್ಟಿಯಲ್ಲಿರುವ ಯಾವುದಾದರೂ ಕಾರಣ ಅಡ್ಡಬಂದರೆ ಮಾತ್ರ ನಿರಾಕರಿಸಬಹುದು, ಇಲ್ಲವಾದರೆ ಕೊಡಲೇಬೇಕು. ಪಟ್ಟಿಯಲ್ಲಿ ವಯಸ್ಸು, ಕುಡಿತದ ಚಟ, ಗಂಭೀರ ಅಪರಾಧ ಎಲ್ಲ ಇವೆ, ದೃಷ್ಟಿಯ ಮಾತಿಲ್ಲ. ಶೆರಿಫರೂ ಒಮ್ಮತದಲ್ಲಿರಲಿಲ್ಲ. ಸೀಡರ್ ಕೌಂಟಿಯ ಶೆರಿಫ್ ದೃಷ್ಟಿದೋಷವಿರುವ ತಮ್ಮ ಮಗಳಿಗೇ ಕೋವಿ ಹಿಡಿಯುವುದನ್ನು ಕಲಿಸುತ್ತಿದ್ದರು. ಡೆಲವೇರ್ ಕೌಂಟಿಯವರು ಇದು ಸರಿಯಲ್ಲ ಎಂದರು. ದೃಷ್ಟಿಯ ಕಾರಣಕ್ಕೆ ನಿರಾಕರಿಸಕೂಡದೆಂದು ಅಂಗವಿಕಲರ ಹಕ್ಕಿನ ವಕೀಲರು 1990ರ ಅಂಗವಿಕಲರ ಕಾಯ್ದೆಯನ್ನು ಮುಂದಿಟ್ಟರು. ಈಗ ಅಯೋವಾದಲ್ಲಿ ಆ ಪರ್ಮಿಟ್ಟಿನ ಅಗತ್ಯವೇ ಇಲ್ಲ. 2021ರ ಜುಲೈ 1ರಿಂದ ಅರ್ಹರು ಪರ್ಮಿಟ್ ಇಲ್ಲದೆಯೇ ಒಯ್ಯಬಹುದು.

ಎಲ್ಲ ರಾಜ್ಯವೂ ಹೀಗಿಲ್ಲ. ಪರ್ಮಿಟ್ ಬೇಕೆಂದರೆ ನೆಬ್ರಾಸ್ಕಾದಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಬೇಕಾದಷ್ಟು ದೃಷ್ಟಿ ಇರಬೇಕು, ಸೌತ್ ಕೆರೊಲಿನಾದಲ್ಲಿ ಕನ್ನಡಕ ಹಾಕಿ 20/40 (ಬೇರೆಯವರು 40 ಅಡಿಯಿಂದ ಓದುವ ಅಕ್ಷರವನ್ನು 20 ಅಡಿಯಿಂದ ಓದುವಷ್ಟು). ತಮಾಷೆ ಏನೆಂದರೆ ನೆಬ್ರಾಸ್ಕಾ 2023ರಲ್ಲಿ, ಸೌತ್ ಕೆರೊಲಿನಾ 2024ರಲ್ಲಿ ಪರ್ಮಿಟ್ ಇಲ್ಲದೆಯೂ ಒಯ್ಯಲು ಬಿಟ್ಟವು. ಬಾಗಿಲಿಗೆ ಬೀಗ ಹಾಗೇ ಇದೆ, ಗೋಡೆ ಬಿದ್ದಿದೆ.

ಪ್ರಶ್ನೆ: ಅವರು ಪೂರ್ತಿ ಕಣ್ಣು ಕಾಣದವರೇ? (ಮೈಸೂರು)

ಉತ್ತರ: ಬಹಳ ಮಂದಿ ಅಲ್ಲ. ಅಮೆರಿಕದ ಕಾನೂನಿನಲ್ಲಿ ಕನ್ನಡಕ ಹಾಕಿಯೂ ಉತ್ತಮ ಕಣ್ಣಿನ ದೃಷ್ಟಿ 20/200 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ನೋಟದ ಹರಹು 20 ಡಿಗ್ರಿ ದಾಟದಿದ್ದರೆ 'ಅಂಧ'. ಬೇರೆಯವರು 200 ಅಡಿಯಿಂದ ಓದುವ ಅಕ್ಷರವನ್ನು ಇವರು 20 ಅಡಿಯಿಂದ ಓದಬೇಕು ಎಂದರ್ಥ. ಅಕ್ಷಿಪಟಲದ ನಡುಭಾಗ ಸವೆದವರಿಗೆ ಮೂರು ಮೀಟರ್ ದೂರದಲ್ಲಿ ಆಳು ನಿಂತಿರುವುದು ತಿಳಿಯಬಹುದು, ಕೈಯಲ್ಲಿರುವುದು ಚಾಕುವೋ ಮೊಬೈಲೋ ತಿಳಿಯದು. ಹರಹು ಕುಗ್ಗಿದವರ ಕಥೆ ಉಲ್ಟಾ. ಕೊಳವೆಯಲ್ಲಿ ಇಣುಕಿದಂತೆ ನೇರ ಎದುರಿನದು ಸ್ಪಷ್ಟ, ಪಕ್ಕದಲ್ಲಿ ಓಡಿಬಂದ ಮಗು ಕಾಣದು. ಇಂಥವರು ಅಕ್ಷರದ ಚಾರ್ಟನ್ನು ಸಲೀಸಾಗಿ ಓದಿ ಪಾಸಾಗುತ್ತಾರೆ. ಚಾರ್ಟನ್ನೇ ನಂಬುವ ನಿಯಮದ ತೂತು ಇದು.

ಪ್ರಶ್ನೆ: ದಶರಥನಿಗೆ ಶಬ್ದವೇಧಿ ಗೊತ್ತಿತ್ತು. ಕಣ್ಣಿಲ್ಲದವರ ಕಿವಿ ನಮ್ಮದಕ್ಕಿಂತ ಚುರುಕು. ಸದ್ದು ಹಿಡಿದು ಹೊಡೆಯಲಾಗದೇ? (ಶಿರಸಿ)

ಉತ್ತರ: ದಶರಥನ ಕಥೆಯನ್ನು ಪೂರ್ತಿ ನೆನಪಿಸಿಕೊಳ್ಳಿ. ಬಾಣ ಗುರಿ ತಪ್ಪಲಿಲ್ಲ. ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದುಕೊಂಡ, ಅಷ್ಟೇ. ಸತ್ತವನು ಕುರುಡ ತಂದೆತಾಯಿಯ ಮಗ. ಕಿವಿ ದಿಕ್ಕು ಹೇಳುತ್ತದೆ, ಆಳು ಯಾರೆಂದು ಹೇಳುವುದಿಲ್ಲ. ನಮ್ಮ ಮಲೆನಾಡಿನ ತೋಟಗಳಲ್ಲಿ ಪೊದೆ ಅಲ್ಲಾಡಿತೆಂದು ಹಂದಿಗೆ ಹೊಡೆದ ಗುಂಡು ಜೊತೆಯವನಿಗೇ ತಗುಲಿದ ಸುದ್ದಿ ಓದಿರುತ್ತೀರಿ. ಹೊಡೆದವರಿಗೆ ಕಣ್ಣು ಚೆನ್ನಾಗಿಯೇ ಇರುತ್ತದೆ.

ದಿಕ್ಕಿನ ಲೆಕ್ಕವೂ ಬಿಗಿ. ಎಣಿಸಿದ ದಿಕ್ಕು 5 ಡಿಗ್ರಿ ತಪ್ಪಿದರೆ 3 ಮೀಟರಿಗೆ ಗುಂಡು 26 ಸೆಂಟಿಮೀಟರ್ ಸರಿಯುತ್ತದೆ, 7 ಮೀಟರಿಗೆ 61. ಆ ಹೊತ್ತಿಗೆ ಮನುಷ್ಯನ ಮೈಯನ್ನೇ ದಾಟಿರುತ್ತದೆ. ಗೋಡೆ, ಟೈಲ್ಸ್ ನೆಲ ಸದ್ದನ್ನು ಮರುದನಿಸುತ್ತವೆ. ಸದ್ದು ಮುಂದಿನಿಂದಲೋ ಹಿಂದಿನಿಂದಲೋ ಎಂದು ತಿಳಿಯಲು ತಲೆ ತಿರುಗಿಸಲೇಬೇಕು.

ಇದಕ್ಕಿಂತ ದೊಡ್ಡ ತೊಡಕನ್ನು ಪರ-ವಿರೋಧದ ಗದ್ದಲದಲ್ಲಿ ಯಾರೂ ಎತ್ತುವುದಿಲ್ಲ. ಪಿಸ್ತೂಲಿನ ಸದ್ದು 140 ಡೆಸಿಬೆಲ್ ದಾಟುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದೇ ಗುಂಡು ಹಾರಿಸಿದರೆ ಕಿವಿ ಗುಂಯ್ ಎಂದು ಮಂದವಾಗುತ್ತದೆ. ನೋಡಬಲ್ಲವನಿಗೆ ಆಮೇಲೂ ಕಣ್ಣಿದೆ. ಕಿವಿಯನ್ನೇ ಕಣ್ಣಾಗಿಸಿಕೊಂಡವರಿಗೆ ಮೊದಲ ಗುಂಡಿನೊಂದಿಗೇ ಅದೂ ಹೋಯಿತು. ಎದುರಾಳಿ ಬಿದ್ದನೋ ಓಡಿದನೋ, 'ಅಪ್ಪಾ, ನಾನು' ಎಂದು ಕೂಗಿದ್ದು ಮಗನೋ, ತಿಳಿಯುವ ದಾರಿಯೇ ಇಲ್ಲ. ಕಿವಿಕವಚ ಶೂಟಿಂಗ್ ರೇಂಜಿನಲ್ಲಿ ಸರಿ. ಬಸ್ ಸ್ಟಾಪಿಗೆ ಯಾರೂ ಹಾಕಿಕೊಂಡು ಹೋಗುವುದಿಲ್ಲ, ಹಾಕಿಕೊಂಡರೆ ದಿಕ್ಕೂ ಗೊಂದಲ.

ಮೈಗೆ ತಾಗಿದವನ ಮೇಲೆ ಮಾತ್ರ ಬಳಸುತ್ತೇವೆ ಎನ್ನುವವರ ವಾದದಲ್ಲಿ ಹುರುಳಿದೆ. ಹಿಡಿದವನು ಎಲ್ಲಿದ್ದಾನೆಂದು ಹೇಳಲು ಕಣ್ಣು ಬೇಡ. ಆದರೆ ಪಿಸ್ತೂಲಿನ ನಳಿಗೆಯನ್ನು ಮೈಗೆ ಒತ್ತಿದರೆ ಮೇಲಿನ ಸ್ಲೈಡ್ ಹಿಂದೆ ಸರಿದು ಗುಂಡು ಹಾರದೇ ಹೋಗಬಹುದು. ರಿವಾಲ್ವರಿಗೆ ಈ ಕಾಟವಿಲ್ಲ. ಗುಂಡು ಮೈ ತೂರಿ ಆಚೆ ಹೋಗುವ ಭಯ ಎರಡಕ್ಕೂ ಇದೆ, ಆಚೆ ಯಾರಿದ್ದಾರೆಂದು ಬೆರಳಿಗೆ ತಿಳಿಯದು.

ಪ್ರಶ್ನೆ: ತೋಟಾ ತುಂಬುವುದು, ಖಾಲಿ ಮಾಡುವುದು? (ಹಾಸನ)

ಉತ್ತರ: ಅದು ಬೆರಳಿನ ಕೆಲಸ, ಕಣ್ಣಿನದಲ್ಲ. ರಿವಾಲ್ವರಾದರೆ ಚಕ್ರ ಹೊರತೆಗೆದು ತೋಟಾ ಕೂರುವ ಐದೋ ಆರೋ ಮನೆಗಳನ್ನು ಎಣಿಸುತ್ತ ಸವರಿದರಾಯಿತು. ಪಿಸ್ತೂಲಾದರೆ ಮೊದಲು ಮ್ಯಾಗಜಿನ್ (ತೋಟಾ ತುಂಬಿದ ಡಬ್ಬಿ) ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಕಿರುಬೆರಳು ಒಳಗಿಟ್ಟು ನೋಡಬೇಕು. ಕ್ರಮ ಅದಲುಬದಲಾದರೆ ಒಂದು ತೋಟಾ ಹೊರಬಿದ್ದು ಇನ್ನೊಂದು ಒಳಸೇರುತ್ತದೆ, 'ಖಾಲಿ' ಎಂದುಕೊಂಡ ಪಿಸ್ತೂಲು ಸಿಡಿಯುತ್ತದೆ. ಈ ತಪ್ಪನ್ನು ಕಣ್ಣಿದ್ದವರೇ ಮಾಡುವುದು. ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಗಟ್ಟಿಯದಾಗಿ ಟ್ರಿಗ್ಗರನ್ನು ಪೂರ್ತಿ ಮುಚ್ಚಬೇಕು. ವಾಪಸ್ ಇಡುವಾಗ ಅಂಗಿಯ ಅಂಚು ಟ್ರಿಗ್ಗರಿಗೆ ಸಿಕ್ಕಿದರೆ ಗುಂಡು ತೊಡೆಗೆ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿದ್ದೇನೆ, ದೃಷ್ಟಿ ಕಡಿಮೆ. ಪಿಸ್ತೂಲು ಕೊಳ್ಳಬಹುದೇ? (ಡಲ್ಲಾಸ್)

ಉತ್ತರ: ದೃಷ್ಟಿಯಿಂದಲ್ಲ, ವೀಸಾದಿಂದ ಕೂಡದು. ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಫೆಡರಲ್ ಕಾನೂನು ತಡೆಯುತ್ತದೆ. ವಕೀಲರನ್ನು ಕೇಳದೆ ಮುಟ್ಟಬೇಡಿ.

ಪ್ರಶ್ನೆ: ಸುತ್ತಿ ಬಳಸಬೇಡಿ. ಅನುಮತಿ ಕೊಡಬೇಕೋ ಬೇಡವೋ? (ಧಾರವಾಡ)

ಉತ್ತರ: ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ 'ಅಂಧ' ಎಂಬ ಒಂದೇ ಕಾರಣದಿಂದ ಅಡ್ಡಿ ಬೇಡ. ಬೀದಿಗೆ ಒಯ್ಯಲು ಮಾತ್ರ ಎಲ್ಲರಿಗೂ ಒಂದೇ ಪರೀಕ್ಷೆ ಇರಲಿ: 3, 5, 7 ಮೀಟರಿನಲ್ಲಿ ಆಳೆತ್ತರದ ಗುರಿಗಳು, ಕೆಲವುದರ ಕೈಯಲ್ಲಿ ಚಾಕು, ಕೆಲವುದರಲ್ಲಿ ಮೊಬೈಲ್. ಮೊಬೈಲಿನವನಿಗೆ ಹೊಡೆದವರು ಫೇಲ್, ಕಣ್ಣಿದ್ದರೂ ಅಷ್ಟೇ. ಪೂರ್ತಿ ದೃಷ್ಟಿಯಿಲ್ಲದವರು ಇದರಲ್ಲಿ ಪಾಸಾಗಲಾರರು ಎಂದೇ ನಮ್ಮ ಎಣಿಕೆ. ಆನ್‌ಲೈನ್ ಕೋರ್ಸ್ ಮುಗಿಸಿದ ಬಹಳ ಮಂದಿ ಕಣ್ಣುಳ್ಳವರೂ ಅಷ್ಟೇ.

ಪ್ರಶ್ನೆ: ಅಜ್ಜನಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿದೆ. ಮನೆಯ ಜೋಡಿನಳಿಗೆ ಕೋವಿ ಇಟ್ಟುಕೊಳ್ಳಬಹುದೇ? (ವಿರಾಜಪೇಟೆ)

ಉತ್ತರ: ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ. ಲೈಸೆನ್ಸ್ ಬೇಕಾದ ಉಳಿದವರು 2016ರ ಶಸ್ತ್ರ ನಿಯಮಗಳಂತೆ ದೈಹಿಕ, ಮಾನಸಿಕ ಆರೋಗ್ಯದ ವೈದ್ಯರ ಸರ್ಟಿಫಿಕೇಟ್ ಕೊಡಬೇಕು. 1959ರ ಕಾಯ್ದೆಯಡಿ 'ಯಾವುದೇ ಕಾರಣಕ್ಕೆ ಅನರ್ಹ' ಎನಿಸಿದವರಿಗೆ ಅಧಿಕಾರಿ ಲೈಸೆನ್ಸ್ ನಿರಾಕರಿಸಬೇಕು. ನಿಮ್ಮಜ್ಜ ಆ ವಿನಾಯಿತಿಯವರಾದರೆ ಕೋವಿ ಬಿಟ್ಟುಕೊಡಬೇಕಿಲ್ಲ. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಪೂಜೆಗೆ ಇಡುವ ಮುಂಚೆ ಕೋವಿ ಮಡಚಿ ಎರಡೂ ನಳಿಗೆಗೆ ಅವರೇ ಬೆರಳಿಟ್ಟು ನೋಡಲಿ, ನೀವೂ ಒಮ್ಮೆ ಕಣ್ಣಿಂದ ನೋಡಿ.

ಪ್ರಶ್ನೆ: ಹಾಗಾದರೆ ದೃಷ್ಟಿಯಿಲ್ಲದವರಿಗೆ ಗುರಿ ಹೊಡೆಯುವ ಆಸೆ ಈಡೇರುವುದೇ ಇಲ್ಲವೇ? (ತುಮಕೂರು)

ಉತ್ತರ: ಖಂಡಿತ ಈಡೇರುತ್ತದೆ. ಅಂಧರ ಏರ್ ರೈಫಲ್ ಸ್ಪರ್ಧೆಯೇ ಇದೆ. ದೂರ 10 ಮೀಟರ್, ಗುಂಡು 4.5 ಮಿಲಿಮೀಟರ್. ರೈಫಲ್ಲಿನ ಮೇಲಿನ ಉಪಕರಣ ಗುರಿಯನ್ನು ಹಿಡಿದು ಹೆಡ್‌ಫೋನಿಗೆ ದನಿ ಕಳಿಸುತ್ತದೆ. ನಡುಬಿಂದುವಿಗೆ ಹತ್ತಿರವಾದಷ್ಟೂ ಶ್ರುತಿ ಏರುತ್ತದೆ, ಸರಿದರೆ ಇಳಿಯುತ್ತದೆ. ಗುಂಡು ತುಂಬಿಕೊಡಲು ಪಕ್ಕದಲ್ಲಿ ಸಹಾಯಕರಿರಬಹುದು. ಹೊಸಬರು ಎಡವುವುದು ಒಂದೇ ಕಡೆ: ಶ್ರುತಿ ಏರಿದ ಖುಷಿಗೆ ಟ್ರಿಗ್ಗರನ್ನು ಜಗ್ಗಿಬಿಡುತ್ತಾರೆ, ನಳಿಗೆ ಅಲ್ಲಾಡಿ ಗುರಿ ತಪ್ಪುತ್ತದೆ. ಶ್ರುತಿ ನಿಂತಮೇಲೆ ಅರ್ಧ ಉಸಿರು ಬಿಟ್ಟು ನಿಧಾನ ಒತ್ತಬೇಕು.